ಎರಡು ಜಿಬಿ ಪರದಾಟ

ಯುಗಾದಿ ಮುಂದೆ ಅಟ್ಟ ಸ್ವಚ್ಛ ಮಾಡಬಾರದು. ಮಾಡಿದರೂ ಗಂಡಸರನ್ನು ಹತ್ತಿಸಬಾರದು. ನನ್ನ ಹೆಂಡತಿಗೆ ಇದು ತಡವಾಗಿ ಗೊತ್ತಾಯಿತು.

ಕಲಬುರಗಿಯ ಬಿಸಿಲು ಇನ್ನೂ ಟ್ರಯಲ್ ನೋಡುತ್ತಿದ್ದ ಮಾರ್ಚ್ ತಿಂಗಳು. ಹಳೇ ತೊಟ್ಟಿಲು, ಕೂಲರ್‌ನ ಒಣಗಿದ ಹುಲ್ಲು, ಯಾರದೋ ಮದುವೆಯ ತಾಮ್ರದ ಹಂಡೆ ಇವುಗಳ ನಡುವೆ ಒಂದು ಬಿಳಿ ಡಬ್ಬಿ ಸಿಕ್ಕಿತು. ನಿಂಟೆಂಡೊ ಡಿಎಸ್ ಲೈಟ್. ಪುಸ್ತಕದ ಹಾಗೆ ಮಡಚುವ, ಎರಡು ಪರದೆಯ ಆಟದ ಯಂತ್ರ. 2008ರಲ್ಲಿ ಸೌದಿಯಿಂದ ಬಂದ ಅಪ್ಪನ ಗೆಳೆಯರೊಬ್ಬರು "ಹುಡ್ಗ ಇಂಜಿನಿಯರಿಂಗ್ ಓದ್ತಾನ, ಲೆಕ್ಕಾ ಮಾಡ್ಲಿಕ್ಕ ಆಗ್ತದ" ಅಂತ ನನಗೆ ಕೊಟ್ಟಿದ್ದು. ಅವರು ಅದನ್ನು ಕ್ಯಾಲ್ಕುಲೇಟರ್ ಅಂದುಕೊಂಡಿದ್ದರು.

ಚಾರ್ಜರ್ ಚುಚ್ಚಿದೆ. ಕಿತ್ತಳೆ ದೀಪ ಹತ್ತಿತು. ರಾತ್ರಿ ಆನ್ ಮಾಡಿದರೆ ಹಸಿರು ದೀಪ! ಇಷ್ಟು ವರ್ಷ ಅಟ್ಟದ ಧಗೆಯಲ್ಲಿ ಬೆಂದರೂ ಜೀವ ಹಿಡಿದುಕೊಂಡಿತ್ತು. ಆದರೆ ಜೊತೆಗೆ ಬಂದಿದ್ದ ಒಂದೇ ಒಂದು ಕಾರ್ಟ್ರಿಡ್ಜ್, ಅಂದರೆ ಆಟ ತುಂಬಿದ ಸಣ್ಣ ಬಿಲ್ಲೆ, ಎಂದೋ ಕಳೆದುಹೋಗಿತ್ತು. ಕಾರ್ಟ್ರಿಡ್ಜ್ ಇಲ್ಲದ ಡಿಎಸ್ ಅಂದರೆ ಹೆಚ್ಚುಕಮ್ಮಿ ದುಬಾರಿ ಗಡಿಯಾರ.

ನಾನು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಪಾಠ ಹೇಳುವವನು. ಪಾಯಿಂಟರ್ ಅನ್ನುವ ಕಠಿಣ ಪಾಠ ಬಂದ ಕೂಡಲೇ ಹುಡುಗರು ಕಿಟಕಿ ನೋಡುತ್ತಾರೆ. ಡಿಎಸ್‌ಗೆ ಸಿ ಭಾಷೆಯಲ್ಲೇ ಪ್ರೋಗ್ರಾಂ ಬರೆಯಬಹುದು, ಬೇಕಾದ ಸಾಮಾನೆಲ್ಲ ಪುಕ್ಕಟೆ ಸಿಗುತ್ತದೆ ಅಂತ ಗೊತ್ತಿತ್ತು. ಕೆಳಗಿನ ಪರದೆ ಮುಟ್ಟಿದರೆ ಕೇಳುತ್ತದೆ, ಕಡ್ಡಿಯೂ ಇದೆ. ಐದು ವರ್ಷದ ಮಗಳಿಗೆ ಇದು ಪಾಟಿ ಆಗಬಾರದೇಕೆ? ಮೇಲಿನ ಪರದೆಯಲ್ಲಿ ದೊಡ್ಡ 'ಅ', ಕೆಳಗಿನದರಲ್ಲಿ ಅವಳು ತಿದ್ದಬೇಕು. ಒಂದೊಂದು ಪರದೆ 256 ಚುಕ್ಕಿ ಅಗಲ, 192 ಚುಕ್ಕಿ ಎತ್ತರ. ಅದರಲ್ಲಿ ಕನ್ನಡ ಅಕ್ಷರ ಇಲ್ಲ, ಎಲ್ಲ ನಾನೇ ಚುಕ್ಕಿ ಇಟ್ಟು ಬಿಡಿಸಬೇಕು. ಸಂಕ್ರಾಂತಿ ರಂಗೋಲಿ ಹಾಕಿದ ಹಾಗೆ ಒಂದು ವಾರ ಕೂತು ಬಿಡಿಸಿದೆ. 'ಋ' ಹತ್ತಿರ ಎರಡು ದಿನ ಹೋಯಿತು.

ಹೀಗೆ ಮನೆಯಲ್ಲಿ ಬರೆದ ಪ್ರೋಗ್ರಾಮಿಗೆ ಹೋಮ್‌ಬ್ರೂ ಅನ್ನುತ್ತಾರೆ. ಈ ಪದವನ್ನು ನಾನು ಪಡಸಾಲೆಯಲ್ಲಿ ಹೇಳಬಾರದಿತ್ತು. ಅಲ್ಲಿ ಮಾಮಾ ಕೂತಿದ್ದರು. ಅಬಕಾರಿ ಇಲಾಖೆಯಿಂದ ನಿವೃತ್ತರಾದವರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಬಂದ್ ಆದ ಮೇಲೆ ಹಳ್ಳ ಕೊಳ್ಳ ಅಲೆದು ಕಳ್ಳಬಟ್ಟಿ ಹಿಡಿದವರು.

"ಅಳಿಯಾ, ಏನ್ ನಡಸೀಯೋ?"

"ಹೋಮ್‌ಬ್ರೂ ಮಾಡ್ಬೇಕಂತ ಮಾಡೀನಿ ಮಾಮಾ. ಹಾಕ್ಲಿಕ್ಕ ಒಂದು ಕಾರ್ಟ್ರಿಡ್ಜ್ ಬೇಕಾಗ್ಯಾದ."

ಮಾಮಾ ತಮ್ಮ ಫೋನಿನಲ್ಲಿ ಆ ಪದ ಹಾಕಿ ನೋಡಿದರು. ನೊರೆ ಉಕ್ಕುವ ಗ್ಲಾಸು, ಗಾಜಿನ ಭರಣಿ, ರಬ್ಬರ್ ನಳಿಗೆಗಳ ಚಿತ್ರ ಬಂತು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಮನ್ಯಾಗ ಸಣ್ಣ ಕೂಸು ಅದಲೇ," ಅಂದರು ಮೆತ್ತಗೆ. ಅವ್ವನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದ್ದೂ ಕಾಣಿಸಿತು.

ಅರ್ಧ ಗಂಟೆ ಹಿಡಿದು ಬಿಡಿಸಿ ಹೇಳಿದೆ. ಫ್ಲ್ಯಾಶ್ ಕಾರ್ಟ್ ಅಂದರೆ ಖಾಲಿ ಗಡಿಗೆ ಮಾಮಾ. ನೋಡಲು ಆಟದ ಕಾರ್ಟ್ರಿಡ್ಜ್ ಹಾಗೇ ಇರುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬೇಕು. ಆ ಕಾರ್ಡಿನಲ್ಲಿ ನಮ್ಮ ಪ್ರೋಗ್ರಾಂ. ಡಿಎಸ್ ಇದನ್ನು ಆಟ ಅಂತ ನಂಬಿ ಓಡಿಸುತ್ತದೆ.

"ಅಂದ್ರ ಮೋಸ ಮಾಡಿ ಓಡ್ಸೋದು," ಅಂದರು ಮಾಮಾ. ಇಲಾಖೆ ಬಿಟ್ಟರೂ ಕಿವಿ ಬಿಟ್ಟಿರಲಿಲ್ಲ.

ಸುಳ್ಳು ಹೇಳಲಾಗಲಿಲ್ಲ. ಇದೇ ಗಡಿಗೆಯಲ್ಲಿ ಜನ ಕದ್ದ ಆಟಗಳನ್ನೂ ತುಂಬಿಸಿಕೊಂಡರು. ಅದಕ್ಕೇ ಡಿಎಸ್ ಮಾಡಿದ ನಿಂಟೆಂಡೊ ಕಂಪನಿ ಜೊತೆ 54 ಕಂಪನಿಗಳು ಸೇರಿ ಟೋಕಿಯೊದಲ್ಲಿ ಕೋರ್ಟಿಗೆ ಹೋದವು. 2009ರ ಫೆಬ್ರವರಿಯಲ್ಲಿ ಇಂಥ ಕಾರ್ಟ್ ತರಿಸಿ ಮಾರಬಾರದು ಅಂತ ಅಲ್ಲಿ ತೀರ್ಪಾಯಿತು. "ಆದ್ರ ನಾ ಹಾಕೋದು ನಾನೇ ಬರೆದ ಅಆಇಈ ಮಾಮಾ. ಗಡಿಗಿದೇನು ತಪ್ಪು?"

"ನನ್ನ ಸರ್ವಿಸ್‌ನಾಗ ಎಲ್ಲಾರೂ ಇದೇ ಮಾತು ಹೇಳ್ಯಾರ," ಅಂದರು ಮಾಮಾ. "ಗಡಿಗಿದೇನು ತಪ್ಪು ಸಾಹೇಬ್ರ ಅಂತ."

ಇನ್ನು ಗಡಿಗೆ ಆರಿಸುವ ಕಥೆ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ, ರೊಕ್ಕದ ವಿಷಯ ನೆನೆದರೆ ಸಂಕಟವಾಗುತ್ತದೆ. ಡಿಎಸ್ ಲೈಟ್‌ಗೆ ಎರಡು ಬಾಯಿ. ಮೇಲಿನದು ಸ್ಲಾಟ್ ಒಂದು, ಅದು ಡಿಎಸ್ ಆಟಕ್ಕೆ. ಕೆಳಗಿನದು ಸ್ಲಾಟ್ ಎರಡು, ಅದು ನಿಂಟೆಂಡೊದ್ದೇ ಹಳೇ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನ ಆಟಕ್ಕೆ. ಚೆನ್ನಾಗಿರುವುದನ್ನೇ ತರಿಸೋಣ ಅಂತ ಸಾವಿರಗಟ್ಟಲೆ ಕೊಟ್ಟು ತರಿಸಿದೆ. ಅದು ಕೆಳಗಿನ ಬಾಯಿಯದು. ಅದರಿಂದ ಡಿಎಸ್ ಪ್ರೋಗ್ರಾಂ ಓಡಬೇಕಾದರೆ ಮೇಲಿನ ಬಾಯಿಗೆ ಇನ್ನೊಂದು ಸಾಮಾನು ಬೇಕು. ಆ ಸಾಮಾನು ನನಗೆ ಎಲ್ಲೂ ಸಿಗಲಿಲ್ಲ. "ಅಷ್ಟು ರೊಕ್ಕದಾಗ ವರ್ಷದ ತೊಗರಿ ಬ್ಯಾಳಿ ಬರ್ತಿತ್ತು," ಅಂದಳು ಹೆಂಡತಿ. ತೊಗರಿ ಕಣಜದ ಹೆಣ್ಣುಮಕ್ಕಳು ಯಾವ ಲೆಕ್ಕವನ್ನೂ ಕೊನೆಗೆ ಬೇಳೆಗೇ ತಂದು ನಿಲ್ಲಿಸುತ್ತಾರೆ.

ಎರಡನೆಯದು ಸ್ಲಾಟ್ ಒಂದರದೇ. ಹೆಸರು ಆರ್4. ಇಲ್ಲಿಂದ ಗೋಜಲು ಶುರು. ಒಂದು ಕಾಲಕ್ಕೆ ಆರ್4 ಅಂತ ಒಂದು ಕಾರ್ಟ್ ಇತ್ತು, ಹೆಸರು ಮಾಡಿತು, ನಿಂತುಹೋಯಿತು. ಆಮೇಲೆ ಯಾರು ಬೇಕಾದರೂ ಆ ಹೆಸರು ಅಂಟಿಸಿದರು. ಆರ್4ಐ, ಆರ್4 ಗೋಲ್ಡ್, ಆರ್4 ಎಸ್‌ಡಿಎಚ್‌ಸಿ, ಗೋಲ್ಡ್‌ನಲ್ಲೇ ಇನ್ನೊಂದು ಪ್ರೋ. ನಮ್ಮ ಕಡೆ ಒಂದು ಖಾನಾವಳಿ ಹೆಸರು ಮಾಡಿದರೆ ಅದೇ ಓಣಿಯಲ್ಲಿ 'ಹಳೇ', 'ಒರಿಜಿನಲ್', 'ಹಳೇ ಒರಿಜಿನಲ್', 'ನಮ್ಮ ಬೇರೆ ಬ್ರಾಂಚ್ ಇಲ್ಲ' ಅಂತ ಬೋರ್ಡ್ ಏಳುತ್ತವೆ ಅಲ್ವಾ, ಹಾಗೆ. ಮೇಲೆ ಸ್ಟಿಕರ್ ಬೇರೆ, ಒಳಗಿನ ಹೊಟ್ಟೆ ಬೇರೆ. ಒಂದೊಂದಕ್ಕೆ ಒಂದೊಂದು ಕರ್ನಲ್, ಅಂದರೆ ಕಾರ್ಡಿನಲ್ಲಿ ಮೊದಲು ಹಾಕಬೇಕಾದ ಫೈಲುಗಳ ಗಂಟು. ಒಂದರ ಗಂಟು ಇನ್ನೊಂದಕ್ಕೆ ಹಾಕಿದರೆ ಯಂತ್ರ ಲೋಡಿಂಗ್ ಅಂತ ತೋರಿಸಿ ಹಾಗೇ ನಿಂತುಬಿಡುತ್ತದೆ.

ನನ್ನದು ಮೊದಲ ದಿನ ಓಡಲಿಲ್ಲ. ಇಂಥ ಕೆಲವು ನಕಲಿ ಕಾರ್ಟ್‌ಗಳಲ್ಲಿ ಮಾರುವವರೇ ಒಂದು ಗಡುವು ಇಟ್ಟಿರುತ್ತಾರಂತೆ. ತಾರೀಖು ದಾಟಿತೋ, ಮುಗೀತು. ಹೊಸದು ಕೊಳ್ಳಿ. ಉಪಾಯ ಸುಲಭ: ಡಿಎಸ್‌ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು. ನಾನು 2013ಕ್ಕೆ ಹೋದೆ. ಓಡಿತು! ನಮ್ಮ ಊರು ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಹಾಗಾಗಿ ಹೊರಗೆ ಕಲಬುರಗಿ, ಡಬ್ಬಿ ತೆರೆದರೆ ಗುಲ್ಬರ್ಗ. ಖುಷಿಯಿಂದ ಇದನ್ನು ಹೆಂಡತಿಗೆ ಹೇಳಿದೆ.

"ನಮ್ಮ ಮದುವಿ ಆಗಿದ್ದು 2016ಕ್ಕ," ಅಂದಳು. "ಅದಕ್ಕೇ ಇಷ್ಟು ನಗುನಗುತ್ತ ಕುಂತೀರಿ ಅದರ ಮುಂದ."

ಮಗಳು 'ಅ' ತಿದ್ದಿದಳು. 'ಆ' ತಿದ್ದಿದಳು. 'ಇ' ಬಂತು, ಸುಳಿ ಮರೆತಿದ್ದು ನಾನು, ಬೈಸಿಕೊಂಡಿದ್ದೂ ನಾನು. ನಾಲ್ಕು ದಿನ ಸ್ವರ್ಗ. ಐದನೇ ದಿನ ಕಾರ್ಡಿನಲ್ಲಿ ಏನೋ ಎಡವಟ್ಟಾಯಿತು. ಫಾರ್ಮ್ಯಾಟ್ ಮಾಡಿದೆ. ಮಾಡಿದ ಮೇಲೆ ನೆನಪಾಯಿತು, ಕರ್ನಲ್ ನಕಲು ಇಟ್ಟುಕೊಂಡಿಲ್ಲ. ದಿನಾ ಹುಡುಗರಿಗೆ ಬ್ಯಾಕಪ್ ತಗೊಳ್ರಿ ಅಂತ ಹೇಳುವ ಮೇಷ್ಟ್ರು ನಾನು. ಇರಲಿ, ಯಾವ ಜಾಲತಾಣದಿಂದ ಇಳಿಸಬೇಕು ಅಂತ ಕಾರ್ಟ್ ಮೇಲಿನ ಸ್ಟಿಕರ್‌ನಲ್ಲೇ ಬರೆದಿರುತ್ತದೆ.

ಕಾರ್ಟ್ ತೆಗೆದೆ. ಸ್ಟಿಕರ್ ಇಲ್ಲ.

ಹುಡುಕಿದರೆ ಅದು ಮಗಳ ಗೊಂಬೆಯ ಹಣೆಯಲ್ಲಿತ್ತು. ಗೊಂಬೆಗೆ ಕುಂಕುಮ. ಅಷ್ಟೇ ಆಗಿದ್ದರೆ ಓದಬಹುದಿತ್ತು. ಆದರೆ ಅಂದು ಸೋಮವಾರ, ಗೊಂಬೆಗೆ ಸೀಗೆಕಾಯಿ ಹಚ್ಚಿ ತಲೆಸ್ನಾನ ಆಗಿತ್ತು. ಬಿಳಿ ಕಾಗದ ಉಳಿದಿತ್ತು, ಅಕ್ಷರ ಬಚ್ಚಲಿಗೆ ಹೋಗಿತ್ತು. ಹನ್ನೊಂದು ಬಗೆಯ ಕರ್ನಲ್ ಹಾಕಿ ನೋಡಿದೆ. ಹನ್ನೊಂದೂ ಲೋಡಿಂಗ್. ಅವ್ವ ಬಂದು ನೋಡಿ, "ಒಂದು ಚೀಟಿ ಹೋದದ್ದಕ್ಕ ಇಷ್ಟು ದುಃಖ ಏನಪ್ಪ," ಅಂದಳು.

ಮೂರನೆಯದು ಅಸಲಿ ಹಳೇ ಆರ್4. ಹೈದರಾಬಾದಿನಲ್ಲಿದ್ದ ಹಳೇ ವಿದ್ಯಾರ್ಥಿಯೊಬ್ಬ ಕಪಾಟಿನ ಮೂಲೆಯಿಂದ ಹುಡುಕಿ, ಕರ್ನಲ್ ಸಮೇತ ಕಳಿಸಿಕೊಟ್ಟ. ಗಡುವು ಇಲ್ಲ, ನಾಟಕ ಇಲ್ಲ. ಒಂದೇ ಷರತ್ತು: ಅದಕ್ಕೆ 2 ಜಿಬಿಗಿಂತ ದೊಡ್ಡ ಕಾರ್ಡ್ ಅರ್ಥವಾಗುವುದಿಲ್ಲ. ಹಳೇ ಎಸ್‌ಡಿ 2 ಜಿಬಿವರೆಗೆ, 4ರಿಂದ 32ರವರೆಗೆ ಎಸ್‌ಡಿಎಚ್‌ಸಿ, ಅದರಾಚೆ ಎಸ್‌ಡಿಎಕ್ಸ್‌ಸಿ. ಮೂರೂ ನೋಡಲು ಒಂದೇ ಉಗುರಿನಷ್ಟು, ಎಣಿಸುವ ರೀತಿ ಮಾತ್ರ ಬೇರೆ. ಹಳೇ ಆರ್4 ಮೊದಲನೆಯ ಎಣಿಕೆ ಮಾತ್ರ ಕಲಿತದ್ದು.

ಸರಿ, 2 ಜಿಬಿ ತರೋಣ ಅಂತ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಮೇ ತಿಂಗಳು. ಆ ಹೊತ್ತಿಗೆ ಸೂಪರ್ ಮಾರ್ಕೆಟ್‌ನಲ್ಲಿ ನಾಯಿಗಳೂ ತಿರುಗುವುದಿಲ್ಲ. ಮೊದಲನೇ ಅಂಗಡಿಯವನು 64 ತೋರಿಸಿದ. ಸಣ್ಣದು ಬೇಕು ಅಂದೆ. 32 ತೋರಿಸಿದ. ಇನ್ನೂ ಸಣ್ಣದು ಅಂದೆ. "ಸರ್, ರೊಕ್ಕದ್ದು ಫಿಕೀರ್ ಮಾಡ್ಬ್ಯಾಡ್ರಿ, ಕಡಿಮಿ ಮಾಡಿ ಕೊಡ್ತೀನಿ," ಅಂದ. ಎರಡನೆಯವನು ನೀರು ಕುಡಿಸಿ ಕೂಡಿಸಿದ. "ಎರಡು ಜಿಬಿದಾಗ ಏನ್ ಬರ್ತದ್ರಿ ಸರ್? ಒಂದು ಲಗ್ನದ ವಿಡಿಯೊದಾಗ ಅಕ್ಕಿಕಾಳು ಬೀಳೋತನಕನೂ ಬರಂಗಿಲ್ಲ." ಮೂರನೆಯವನು ಖಂಡಿತ ಇದೆ ಅಂತ ಒಳಗೆ ಹೋಗಿ, ಕಾಲು ಗಂಟೆ ಹುಡುಕಿ, ಧೂಳು ಹಿಡಿದ ಪೆನ್ ಡ್ರೈವ್ ತಂದ. ಏಳು ಅಂಗಡಿ ತಿರುಗಿದೆ. ನನ್ನ ಪ್ರೋಗ್ರಾಂ ಒಂದು ಎಂಬಿ ಕೂಡ ಇಲ್ಲ. ಆದರೆ ಈ ಊರಿನಲ್ಲಿ ಸಣ್ಣದು ಅಂತ ಏನೂ ಉಳಿದಿಲ್ಲ.

ಮನೆಗೆ ಬಂದು ಬೆವರು ಒರೆಸಿಕೊಳ್ಳುವಾಗ ಕಿವಿಗೆ ಭಜನೆ ಬಿತ್ತು. ಅವ್ವನ ಬಟನ್ ಫೋನ್. ಅದರಲ್ಲಿ ಭಜನೆ, ತತ್ವಪದ, ಶ್ರಾವಣದ ಪುರಾಣ ಎಲ್ಲ ಇದೆ. ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದ ಕಾಲದಲ್ಲಿ ಅಪ್ಪ ತುಂಬಿಸಿಕೊಟ್ಟಿದ್ದು. ಹಾಡು ನುಡಿಯುವುದು ಕಾರ್ಡಿನಿಂದ. ಕಾರ್ಡ್ ಎಷ್ಟು ಜಿಬಿ?

ಅವ್ವ ಮಲಗಿದ ಮೇಲೆ ಹಿಂದಿನ ಮುಚ್ಚಳ ತೆಗೆದೆ. 2 ಜಿಬಿ. ಕಳ್ಳಬಟ್ಟಿಯವರಿಗೂ ನನಗೂ ಆ ಹೊತ್ತಿನಲ್ಲಿ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಈ ಸಲ ಬುದ್ಧಿ ಇತ್ತು, ಮೊದಲು ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿದೆ. ಆಮೇಲೆ ಕರ್ನಲ್ ಹಾಕಿದೆ. ಕಾರ್ಡಿನಿಂದ ಅಕ್ಷರಗಳ ಫೈಲು ಓದಬೇಕಾದರೆ ನನ್ನ ಪ್ರೋಗ್ರಾಮಿಗೆ ಇದು ಯಾವ ಕಾರ್ಟ್ ಅಂತ ಗೊತ್ತಾಗಬೇಕು. ಲಗ್ನದ ಮನೆಯಲ್ಲಿ ಊಟಕ್ಕೆ ಕೂಡಿಸುವ ಮುಂಚೆ "ನೀವು ಯಾರ ಪೈಕಿ ರೀ" ಅಂತ ಕೇಳುವ ಹಾಗೆ. ಅದಕ್ಕೆ ಡಿಎಲ್‌ಡಿಐ ಅನ್ನುವ ಸಣ್ಣ ತೇಪೆ ಇದೆ, ಅದನ್ನೂ ಹಾಕಿದೆ. ಓಡಿತು. ತಾರೀಖೂ ಈ ವರ್ಷದ್ದೇ. ಹಾಡುಗಳನ್ನು ವಾಪಸ್ ತುಂಬಿಸಿದೆ, ಕಾರ್ಡನ್ನು ಫೋನಿಗೆ ಹಾಕಿ ಮಲಗಿದೆ.

ಅಂದಿನಿಂದ ಒಂದೇ ಕಾರ್ಡಿಗೆ ಎರಡು ಸಂಸಾರ. ನಸುಕಿನಲ್ಲಿ ಫೋನಿಗೆ, ಸಂಜೆ ಡಿಎಸ್‌ಗೆ, ರಾತ್ರಿ ಮತ್ತೆ ಫೋನಿಗೆ. ಒಂದು ಸಂಜೆ ಬದಲಾಯಿಸುವಾಗ ಕಾರ್ಡ್ ಪುಟಿದು ಹೆಂಡತಿಯ ಕೊಣಮಿಗೆಯಲ್ಲಿದ್ದ ಜೋಳದ ಹಿಟ್ಟಿಗೆ ಬಿತ್ತು. ಜರಡಿ ಹಿಡಿದೆವು. ಹಿಟ್ಟು ಎರಡು ಸಲ ಸಾಣಿಸಿದ್ದಕ್ಕೋ ಏನೋ, ಆ ದಿನದ ರೊಟ್ಟಿ ಮಾತ್ರ ಬಹಳ ಮೆತ್ತಗಿದ್ದವು. ಹೀಗೆ ಅವ್ವನಿಗೆ ವಿಷಯ ಗೊತ್ತಾಯಿತು.

ಬೈಗುಳಕ್ಕೆ ತಯಾರಾಗಿ ಕೂತಾಗ ಒಂದು ಹೊಳೆಯಿತು. ಆರ್4 ಆನ್ ಮಾಡಿದರೆ ಮೂರು ಚಿತ್ರ ಬರುತ್ತವೆ. ನಡುವಿನದು ಮಲ್ಟಿಮೀಡಿಯಾ. ಅದನ್ನು ನಾನು ಇಷ್ಟು ದಿನ ಮುಟ್ಟಿರಲೇ ಇಲ್ಲ. ಒತ್ತಿದರೆ ಮೂನ್‌ಶೆಲ್ ಅಂತ ತೆರೆಯಿತು, ಜಪಾನಿನ ಹವ್ಯಾಸಿಯೊಬ್ಬ ಬರೆದದ್ದು, ಅದೂ ಹೋಮ್‌ಬ್ರೂ. ಎಂಪಿ3 ನುಡಿಸುತ್ತದೆ. ಎರಡೂ ಕಡೆಯ ಸಣ್ಣ ಸ್ಪೀಕರ್‌ಗಳಿಂದ ತಾಳ, ಏಕತಾರಿ, ಆಮೇಲೆ ದನಿ ಬಂತು.

ಅವ್ವ ಡಿಎಸ್ ಇಸಿದುಕೊಂಡಳು. ವಾಪಸ್ ಕೊಡಲಿಲ್ಲ.

ಈಗ ಮಗಳು 'ಕ' ತಿದ್ದಬೇಕಾದರೆ ಅಜ್ಜಿಯನ್ನು ಕೇಳಬೇಕು. ಅಜ್ಜಿ ಪದ ಮುಗಿಯುವವರೆಗೆ ಕೊಡುವುದಿಲ್ಲ. ಡಿಎಸ್‌ನ ತಮ್ಮ ಡಿಎಸ್‌ಐ ಕೊಂಡಿದ್ದರೆ ಅದಕ್ಕೆ ಎಸ್‌ಡಿ ಕಾರ್ಡಿನ ಬಾಯಿಯೇ ಇರುತ್ತದೆ, ಕಾರ್ಟ್ ಗೋಜೇ ಇಲ್ಲ ಅಂತ ಮೊನ್ನೆ ಕ್ಲಾಸಿನಲ್ಲಿ ಒಬ್ಬ ಹುಡುಗ ಹೇಳಿದ. ಮೊದಲ ಸಲ ಅವನು ಕಿಟಕಿ ನೋಡದೆ ಮಾತಾಡಿದ್ದು. ಹೊರಗೆ ಕಳಿಸಬೇಕು ಅನಿಸಿತು, ಕಳಿಸಲಿಲ್ಲ.

ಕಳೆದ ಸೋಮವಾರ ಅವ್ವ ಆ ಡಬ್ಬಿ ಹಿಡಿದು ಗುಡಿಗೆ ಭಜನೆಗೆ ಹೋಗಿದ್ದಳು. ಮರುದಿನ ಬೆಳಿಗ್ಗೆ ಅವಳ ಭಜನೆ ಗೆಳತಿ, ಹಿಂದಿನ ಓಣಿಯ ದೊಡ್ಡವ್ವ, ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಐನೂರರ ನಾಲ್ಕು ನೋಟು ಮಡಚಿ ಹಿಡಿದಿದ್ದಳು.

"ನನಗೂ ಹಂತಾದ್ದೇ ಒಂದು ತರ್ಸಿ ಕೊಡಪ್ಪ ತಮ್ಮಾ. ಹಾಂ, ಮತ್ತ ಚೀಟಿ ಇದ್ದದ್ದೇ ತರ್ಸು ಅಂತ ನಿಮ್ಮವ್ವ ಹೇಳ್ಯಾಳ."