ಮ್ಯೂಸಿಯಂ ಭೇಟಿ ಅಂದರೆ ಗೇಟಿನ ಮುಂದೆ ಫೋಟೋ ಅಂತೆ!

ಐದು ದಿನದ ಸಿಂಗಪುರ ಪ್ಯಾಕೇಜ್. ನಾಲ್ಕನೇ ದಿನಕ್ಕೆ ಚೆನ್ನಾಗಿ ಅಚ್ಚು ಹಾಕಿದ್ದರು: ‘ಫೋರ್ಟ್ ಕ್ಯಾನಿಂಗ್ ಪಾರ್ಕ್, ನ್ಯಾಷನಲ್ ಮ್ಯೂಸಿಯಂ ಭೇಟಿ’. ಆ ಒಂದು ಸಾಲು ನೋಡಿಯೇ ಅಪ್ಪ ಹೊರಟಿದ್ದು. ಇಲ್ಲದಿದ್ದರೆ ಎಪ್ಪತ್ತೆರಡು ವರ್ಷದವರಿಗೆ ರೋಲರ್ ಕೋಸ್ಟರ್ ಕಟ್ಟಿಕೊಂಡು ಏನಾಗಬೇಕು?

ಅಪ್ಪನಿಗೆ ಕಲ್ಲಿನ ಹುಚ್ಚು. ಯಾವ ಊರಿಗೆ ಹೋದರೂ ಊಟಕ್ಕೆ ಮುಂಚೆ ಗುಡಿಯ ಹಿಂದೆ ವೀರಗಲ್ಲು ಹುಡುಕುತ್ತಾರೆ. ಆ ಮ್ಯೂಸಿಯಂನಲ್ಲಿ ‘ಸಿಂಗಪುರದ ಕಲ್ಲು’ ಇದೆ. ನದಿ ಸಮುದ್ರ ಸೇರುವ ಜಾಗದಲ್ಲಿ ಸುಮಾರು 3 ಮೀಟರ್ ಎತ್ತರದ ಬಂಡೆ ನಿಂತಿತ್ತು. ಅದರ ಮೇಲೆ ಸುಮಾರು 50 ಸಾಲು ಬರಹ. 1843ರಲ್ಲಿ ಬ್ರಿಟಿಷರು ಜಾಗ ಬೇಕು ಅಂತ ಮದ್ದಿಟ್ಟು ಸಿಡಿಸಿದರು. ಉಳಿದಿರುವ ತುಂಡಿನಲ್ಲಿ ಏನು ಬರೆದಿದೆ ಅಂತ ಇವತ್ತಿಗೂ ಯಾರಿಗೂ ಓದಲು ಆಗಿಲ್ಲ. (ನಾವೇನು ಕಮ್ಮಿ ಇಲ್ಲ ಬಿಡಿ, ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆದವರು.) ಅಪ್ಪ ಅದಕ್ಕೆಂದೇ ಹೊಸ ನೋಟ್‌ಬುಕ್ ತಂದಿದ್ದರು.

ಬಸ್ಸು ಇಳಿಸಿ ಕೊಟ್ಟಿದ್ದು ನಲವತ್ತೈದು ನಿಮಿಷ. ಫೋರ್ಟ್ ಕ್ಯಾನಿಂಗ್ ಗುಡ್ಡಕ್ಕೂ ಸೇರಿ, ಮ್ಯೂಸಿಯಂಗೂ ಸೇರಿ! ಟೂರ್ ಮ್ಯಾನೇಜರ್ ಎಲ್ಲರನ್ನೂ ನೇರ ಒಂದು ಸುರುಳಿ ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದ. ಕೆಳಗೆ ನಿಂತು ಮೇಲೆ ನೋಡಿದರೆ ದುಂಡಗೆ ಆಕಾಶ, ಅಂಚಿಗೆ ಒಂದು ದೊಡ್ಡ ಮರ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಆಗಲೇ ಉದ್ದ ಕ್ಯೂ. ನಮ್ಮವರು ಇಪ್ಪತ್ತಾರು ಜನ ಅದರ ಬಾಲಕ್ಕೆ. ಒಬ್ಬರಿಗೆ ಮೂರು ಪೋಸ್. ಒಬ್ಬಾಕೆಯ ದುಪಟ್ಟಾ ಸರಿಯಾಗಿ ಹಾರಲಿಲ್ಲ ಅಂತ ಗಂಡ ಐದು ಸಲ ಬೀಸಿದ!

ತಲೆಯ ಮೇಲಿದ್ದದ್ದು ಎಂಥಾ ಗುಡ್ಡ ಗೊತ್ತಾ? 14ನೇ ಶತಮಾನದ ರಾಜರು ಇದ್ದ ಜಾಗ ಅಂತ ಮಲಯ ಜನ ಹತ್ತಲು ಹೆದರುತ್ತಿದ್ದರಂತೆ. 1928ರಲ್ಲಿ ನೀರಿನ ಟ್ಯಾಂಕಿಗೆ ಅಗೆಯುವಾಗ ಕೂಲಿಯವರಿಗೆ ಚಿನ್ನದ ಒಡವೆ ಸಿಕ್ಕಿತು. 1857ರ ದಂಗೆಯ ಹೊತ್ತಿಗೆ ನಮ್ಮಲ್ಲಿ ಗವರ್ನರ್ ಜನರಲ್ ಆಗಿದ್ದ ಕ್ಯಾನಿಂಗ್‌ನ ಹೆಸರೇ ಅಲ್ಲಿಯ ಕೋಟೆಗೆ. 1942ರ ಫೆಬ್ರುವರಿ 15ರಂದು ಜಪಾನಿಗೆ ಶರಣಾಗೋಣ ಅಂತ ಬ್ರಿಟಿಷರು ತೀರ್ಮಾನಿಸಿದ ಬಂಕರ್ ಅದೇ ಗುಡ್ಡದೊಳಗೆ. ಇದರಲ್ಲಿ ಒಂದನ್ನೂ ಮ್ಯಾನೇಜರ್ ಬಾಯಿ ಬಿಟ್ಟು ಹೇಳಲಿಲ್ಲ. ‘ಸ್ಮೈಲ್, ಸ್ಮೈಲ್’ ಒಂದೇ.

ಹತ್ತು ನಿಮಿಷ ಉಳಿದಾಗ ಮ್ಯೂಸಿಯಂ. 1887ರ ಬಿಳಿ ಕಟ್ಟಡ, ಮೇಲೆ ಗುಮ್ಮಟ. ಅಪ್ಪ ಬಾಗಿಲ ಕಡೆ ಹೊರಟರು. ‘ಅಂಕಲ್, ಒಳಗಡೆ ಪ್ಯಾಕೇಜಲ್ಲಿ ಇಲ್ಲ. ಔಟ್‌ಸೈಡ್ ವ್ಯೂ ಮಾತ್ರ.’ ನಮ್ಮ ದುಡ್ಡಲ್ಲೇ ಟಿಕೆಟ್ ತಗೋತೀವಿ ಅಂದೆ. ‘ಬಸ್ಸು ಕಾಯಲ್ಲ ಮೇಡಂ. ಮ್ಯೂಸಿಯಂ ನಮ್ಮೂರಲ್ಲೂ ಇದ್ಯಲ್ಲಾ!’

ಅಲ್ಲಾ, ಚಾಕೊಲೇಟ್ ನಮ್ಮೂರಲ್ಲಿ ಇಲ್ವಾ? ಅಲ್ಲಿಂದ ಸೀದಾ ಒಂದು ಚಾಕೊಲೇಟ್ ಅಂಗಡಿ. ಅಲ್ಲಿ ಒಂದೂವರೆ ಗಂಟೆ! ಆಗ ಬಸ್ಸು ಕಾಯಿತು, ಎಸಿ ಹಾಕಿಕೊಂಡು. ಕಮಿಷನ್ ಎಷ್ಟೋ ದೇವರಿಗೇ ಗೊತ್ತು. ಅಪ್ಪ ಬಾಗಿಲಲ್ಲಿ ಸ್ಟೂಲ್ ಮೇಲೆ ಕೂತು ನೋಟ್‌ಬುಕ್‌ನಲ್ಲಿ ಏನೋ ಬರೆಯುತ್ತಿದ್ದರು. ಇಣುಕಿ ನೋಡಿದೆ. ಬೆಳಿಗ್ಗೆಯಿಂದ ಬಸ್ಸು ನಿಂತ ಅಂಗಡಿಗಳ ಪಟ್ಟಿ, ಪಕ್ಕದಲ್ಲಿ ನಿಮಿಷ.

ಈಗ ಬೆಂಗಳೂರಿಗೆ ಬಂದ ಮೇಲೆ ದಿನಕ್ಕೆರಡು ಸಲ ಟೂರಿನವರ ಆಫೀಸಿಂದ ಫೋನು. ಐದು ಸ್ಟಾರ್ ಕೊಡಬೇಕಂತೆ. ಇವತ್ತು ಫೋನನ್ನು ಸೀದಾ ಅಪ್ಪನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ನೋಟ್‌ಬುಕ್ ತೆಗೆದು, ಮೊದಲ ಅಂಗಡಿಯಿಂದ ಓದಲು ಶುರು ಮಾಡಿದರು.