ಕೈ ತೊಳೆಯುವ ಪಾಠಕ್ಕೊಂದು ಡ್ರೋನ್

ಚಿಕ್ಕಮಗಳೂರು ಕಡೆಯ ಒಂದು ನರ್ಸಿಂಗ್ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಪಾಠದ ವಿಡಿಯೋ ಮಾಡಿಸಿದೆ. ಹೆಸರು ಬೇಡ, ಶಾಲು ಹಾರ ಹಿಡಿದು ನಮ್ಮನೆಗೇ ಬಂದುಬಿಟ್ಟಾರು. ಮೊದಲ ಪಾಠ ಕೈ ತೊಳೆಯುವುದು. ಶುರುವಿನಲ್ಲಿ ಡ್ರೋನ್ ಹಾರುತ್ತದೆ. ಮುಳ್ಳಯ್ಯನಗಿರಿ, ಮಂಜು, ಕಾಫಿ ತೋಟ, ಮತ್ತೆ ಮಂಜು. 1930 ಮೀಟರ್ ಎತ್ತರದಿಂದ ಇಳಿದು ಕ್ಯಾಮೆರಾ ವಾಶ್‌ಬೇಸಿನ್ ಮುಟ್ಟುವ ಮೊದಲು ಅಧ್ಯಕ್ಷರು, ಕಾರ್ಯದರ್ಶಿಗಳು, ಪ್ರಾಂಶುಪಾಲರು ಮೂವರೂ ಮಾತಾಡಿ ಮುಗಿಸುತ್ತಾರೆ. ದೀಪ ಹಚ್ಚಿದ್ದೂ ಇದೆ. ಆಮೇಲೆ ನಲ್ಲಿ.

ಸೋಪು ಹಾಕಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಿಡಿಯೋ ಉದ್ದ ಆಯಿತು ಅಂತ ಕತ್ತರಿಸಿದ್ದು ಅದನ್ನೇ. ಮದುವೆ ಮನೆಯಲ್ಲಿ ಪಂಕ್ತಿಗೆ ಎಲೆ ಹಾಕಿದ ಮೇಲೆ ಓಡಿಬಂದವರು ತೊಳೆಯುತ್ತಾರಲ್ಲ, ಹಾಗೆ ಮುಗಿಯುತ್ತದೆ. ಜನ ಜಾಸ್ತಿ ಬಿಟ್ಟುಬಿಡುವುದು ಹೆಬ್ಬೆರಳು ಮತ್ತು ಬೆರಳ ತುದಿ. ಸರಿಯಾಗಿ ಆ ಜಾಗದಲ್ಲೇ ಕಾಲೇಜಿನ ಲೋಗೋ ಗಿರಗಿರ ತಿರುಗುತ್ತಿದೆ. ಉಂಗುರ, ವಾಚು ತೆಗೆದಿಡಿ ಎಂದು ಹಿನ್ನೆಲೆಯ ಹೆಣ್ಣುದನಿ ಹೇಳುತ್ತದೆ. ನಲ್ಲಿ ಕೆಳಗಿರುವ ಅಧ್ಯಕ್ಷರ ಕೈಯಲ್ಲಿ ನವರತ್ನದ ಉಂಗುರ ಹೊಳೆಯುತ್ತದೆ. ತೆಗೆಯಿರಿ ಸಾರ್ ಅನ್ನುವವರು ಯಾರು?

ಎರಡನೇ ಪಾಠ ಬಿಪಿ ನೋಡುವುದು. ನನಗೆ ತುಂಬಾ ಇಷ್ಟವಾದದ್ದು ಇದು. ರೋಗಿಯ ಪಾತ್ರಕ್ಕೆ ಮುಖ್ಯ ಅತಿಥಿಗಳನ್ನೇ ಕೂರಿಸಿದ್ದಾರೆ. ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಎರಡೂ ಪಾದ ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು. ಅತಿಥಿಗಳು ಕಾಲ ಮೇಲೆ ಕಾಲು ಹಾಕಿ, ಬಿಪಿ ಪಟ್ಟಿ ಕಟ್ಟಿದ ಕೈಯನ್ನೇ ಮೇಲೆತ್ತಿ, ನರ್ಸ್ ವೃತ್ತಿಯ ಪಾವಿತ್ರ್ಯದ ಬಗ್ಗೆ ಭಾಷಣ ಮಾಡುತ್ತಿದ್ದಾರೆ. ಪಟ್ಟಿಯನ್ನೋ, ಜುಬ್ಬಾದ ತೋಳಿನ ಮೇಲೇ ಸುತ್ತಿದ್ದಾರೆ. ಪಾಪ ಆ ಹುಡುಗಿ ಸ್ಟೆತಾಸ್ಕೋಪ್ ಕಿವಿಗಿಟ್ಟುಕೊಂಡು ಕೇಳುತ್ತಿದ್ದಾಳೆ. ಏನು ಕೇಳಿಸಿತೋ! ಕೊನೆಗೆ ಹೇಳಿದ್ದು '120/80'. ಅದು ಮೊದಲೇ ಸ್ಕ್ರಿಪ್ಟಿನಲ್ಲಿತ್ತಂತೆ.

ಇಂಜೆಕ್ಷನ್ ಪಾಠದ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಏಕೆಂದರೆ ಕಂಡಿದ್ದೇ ಕಡಿಮೆ. ಮಾಂಸಖಂಡಕ್ಕೆ ಕೊಡುವಾಗ ಸೂಜಿ 90 ಡಿಗ್ರಿಯಲ್ಲಿ ಇಳಿಯಬೇಕು, ಚರ್ಮದ ಪದರಕ್ಕಾದರೆ 10ರಿಂದ 15. ಡಮ್ಮಿ ಗೊಂಬೆಯ ಸುತ್ತ ನಿಂತ ಆಡಳಿತ ಮಂಡಳಿಯವರ ಬೆನ್ನುಗಳು ಮಾತ್ರ ಬಹಳ ಸ್ಪಷ್ಟವಾಗಿವೆ.

ಇದೇ ಕಾಲೇಜಿನ ಹುಡುಗಿಯರು ವಾರ್ಡಿಗೆ ಹೋದಾಗ ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರು ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಗೆಯ ಅಳತೆಯನ್ನು ಡಮ್ಮಿಯ ಮೇಲೆ ತೋರಿಸಿದ್ದರು. ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೊನೆ. ಒಬ್ಬಳು ಅದನ್ನು ಮೊಬೈಲಿನಲ್ಲಿ ಹಿಡಿದಳು. ಬರೀ ಕೈ, ನಳಿಗೆ, ಡಮ್ಮಿ. ಸಂಗೀತ ಇಲ್ಲ. ಈಗ ಹುಡುಗಿಯರೆಲ್ಲ ಪರೀಕ್ಷೆಗೆ ಮುಂಚೆ ಅದನ್ನೇ ನೋಡುತ್ತಾರೆ. ಕಾಲೇಜಿನ ಸಂಗ್ರಹಕ್ಕೆ ಸೇರಿಸಿಕೊಳ್ಳಿ ಮೇಡಂ ಅಂತ ಕೇಳಿದರೆ ಸಮಿತಿ ಒಪ್ಪಲಿಲ್ಲ. ಕಾರಣ, ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಮುಂದಿನ ವಿಡಿಯೋ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವುದು. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು, ತಡ ಮಾಡುವಂತಿಲ್ಲ. ಹಾಗಾಗಿ ಸ್ವಾಗತ ಭಾಷಣವನ್ನು ಎರಡೇ ನಿಮಿಷಕ್ಕೆ ಇಳಿಸಿದ್ದಾರೆ. ಡಮ್ಮಿಗೆ ಹಾರ ಹಾಕಬೇಕೋ ಬೇಡವೋ ಎಂಬ ಬಗ್ಗೆ ಚರ್ಚೆ ನಡೆದಿದೆ.