ಗಾಳಿಯಲ್ಲೂ ಕೀಬೋರ್ಡ್ ಯಾಕೆ?

ಇವತ್ತು ಇಲ್ಲೇ ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ಪ್ರದರ್ಶನ ಇತ್ತು. ಅಕ್ಕನ ಮಗ ಕರೆದಿದ್ದ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಹೋದೆ.

ಅಲ್ಲಿ ಮೂವರು ಹುಡುಗರು ಏನನ್ನೂ ಮುಟ್ಟದೆ ಟೈಪ್ ಮಾಡುತ್ತಿದ್ದರು. ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಕೈ ಎತ್ತಿದರೆ ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರುತ್ತದೆ. ತೋರುಬೆರಳನ್ನು ಒಂದು ಅಕ್ಷರದ ಮೇಲೆ ತಂದು ಹೆಬ್ಬೆರಳಿಗೆ ತಾಗಿಸಿದರೆ ಆ ಅಕ್ಷರ ಬೀಳುತ್ತದೆ. ಗೂಗಲ್‌ನ ಮೀಡಿಯಾಪೈಪ್ ಎಂಬ ತಂತ್ರಾಂಶ ಬಳಸಿದ್ದಾರೆ. ಅದು ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸಿ, ಬೆರಳು ಹೋದಲ್ಲೆಲ್ಲ ಹಿಂದೆ ಹೋಗುತ್ತದೆ. ನನಗೆ ಮೈ ಜುಂ ಎಂದಿತು.

"ಕನ್ನಡ ಬರುತ್ತಾ?" ಎಂದೆ.

"ಇಲ್ಲ ಆಂಟಿ. ಕನ್ನಡ ಆಮೇಲೆ ಹಾಕ್ತೀವಿ."

ಈ 'ಆಮೇಲೆ' ಕೇಳಿ ಕೇಳಿ ಸಾಕಾಗಿದೆ. ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿರುವವಳು ನಾನು. ಲಗ್ನಪತ್ರಿಕೆ, ಕರಪತ್ರ, ಕ್ರಯಪತ್ರ ಎಲ್ಲವನ್ನೂ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲೇ ಹೊಡೆದಿದ್ದೇನೆ. ಯಾವ ಹೊಸ ಯಂತ್ರ ಬಂದರೂ ಕನ್ನಡ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಆದರೆ ಇವತ್ತು ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ಗಾಳಿಗೂ ಕೀಬೋರ್ಡನ್ನೇ ಯಾಕೆ ಹೊತ್ತುಕೊಂಡು ಹೋದರು?

ಇಂಗ್ಲಿಷ್ ಕೀಲಿಗಳ ಆ 'ಕ್ವರ್ಟಿ' ಜೋಡಣೆ 1870ರ ದಶಕದ ಟೈಪ್‌ರೈಟರಿನದು. ಕಬ್ಬಿಣದ ಕಡ್ಡಿ ಬಂದು ಕಾಗದಕ್ಕೆ ಬಡಿಯುತ್ತಿದ್ದ ಕಾಲದ್ದು. ಗಾಳಿಯಲ್ಲಿ ಯಾವ ಕಡ್ಡಿ ಇದೆ?

'ಸ್ತ್ರೀ' ಎಂದು ಬರೆಯಬೇಕು ಅಂದುಕೊಳ್ಳಿ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ಕನ್ನಡಕ್ಕೆಂದು ರೂಪಿಸಿದ ಕೀಲಿ ಜೋಡಣೆ. ಅದರಲ್ಲಿ ಎಸ್, ಎಫ್, ಟಿ, ಎಫ್, ಆರ್, ಆಮೇಲೆ ಶಿಫ್ಟ್ ಹಿಡಿದು ಐ. ಎಫ್ ಅಂದರೆ ಒತ್ತಕ್ಷರ ಕೂಡಿಸುವ ಕೀಲಿ. ಮೇಜಿನ ಮೇಲೆ ಕಣ್ಣು ಮುಚ್ಚಿಕೊಂಡು ಹೊಡೆಯುತ್ತೇನೆ. ಅವರಿಗೆ ನಾವು ಎಷ್ಟು ಋಣಿಗಳಾದರೂ ಕಡಿಮೆಯೇ. ಆದರೆ ಅದು ಕೀಲಿಗಳಿಗೆಂದು ಮಾಡಿದ್ದು. ಅದನ್ನೇ ಗಾಳಿಯಲ್ಲಿ ಆರು ಸಲ ಗುರಿಯಿಟ್ಟು ಆರು ಸಲ ಚಿವುಟಬೇಕಾ? ಬೆರಳಲ್ಲಿ ಸುಮ್ನೆ 'ಸ್ತ್ರೀ' ಎಂದು ಬರೆದರೆ ಮುಗಿಯಿತಲ್ವಾ!

ಒಂದನೇ ಕ್ಲಾಸಿನಲ್ಲಿ ನಮ್ಮ ಮೇಡಂ ಕಲಿಸಿದ್ದೇ ಹಾಗೆ. ಎಲ್ಲರೂ ಬೆರಳೆತ್ತಿ ಗಾಳಿಯಲ್ಲಿ 'ಅ' ತಿದ್ದಬೇಕಿತ್ತು. ಸ್ಲೇಟು ಆಮೇಲೆ. ನಮ್ಮ ಅಕ್ಷರಗಳು ಗುಂಡಗೆ ಸುತ್ತಿಕೊಂಡು ಹೋಗುತ್ತವೆ, ಕೈ ತಾನಾಗಿಯೇ ತಿರುಗುತ್ತದೆ.

ಅವರ ಕ್ಯಾಮೆರಾ ಮುಂದೆ ನಿಂತು 'ಸ್ತ್ರೀ' ಬರೆದೇ ಬಿಟ್ಟೆ. ನಾನು ತಿದ್ದುತ್ತಿರುವುದು ಅಕ್ಷರ ಅಂತ ಅದಕ್ಕೆ ಗೊತ್ತೇ ಆಗಲಿಲ್ಲ. ನನ್ನ ಬೆರಳು ಹೋದ ದಾರಿಯಲ್ಲಿದ್ದ ಇಂಗ್ಲಿಷ್ ಕೀಲಿಗಳೆಲ್ಲ ಒಂದೊಂದಾಗಿ ಬಣ್ಣ ಬದಲಿಸಿದವು, ಅಷ್ಟೇ.

ಕೈ ಎತ್ತಿ ಹಿಡಿದರೆ ತೋಳು ನೋಯುತ್ತದೆ ಎನ್ನುತ್ತಾರೆ. ನಿಜ, ಅದಕ್ಕೆ 'ಗೊರಿಲ್ಲಾ ಆರ್ಮ್' ಎಂಬ ಹೆಸರೇ ಇದೆ. ಆದರೆ 2024ರಲ್ಲಿ ಬಂದ, ತಲೆಗೆ ಹಾಕಿಕೊಳ್ಳುವ ಆಪಲ್ ವಿಷನ್ ಪ್ರೊ ಸಾಧನದಲ್ಲಿ ಕೈ ತೊಡೆಯ ಮೇಲಿದ್ದರೂ ಬೆರಳಿನ ಸನ್ನೆ ಕಾಣುವಂತೆ ಕೆಳಮುಖದ ಕ್ಯಾಮೆರಾಗಳಿವೆ. ಅಲ್ಲಿಗೆ ಆ ಮಾತು ಮುಗಿಯಿತು. ಇನ್ನು, ವಾಯ್ಸ್ ಟೈಪಿಂಗ್ ಇದೆಯಲ್ಲ ಎನ್ನುವವರಿಗೆ ಒಂದೇ ಪ್ರಶ್ನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮನೆಯ ಗುಟ್ಟನ್ನು ಜೋರಾಗಿ ಹೇಳುತ್ತೀರಾ?

ನನಗೆ ಇಷ್ಟು ಹೊಟ್ಟೆ ಉರಿಯಲು ಕಾರಣ ಅಮ್ಮ. ಗುಬ್ಬಿ ಹತ್ತಿರದ ನಮ್ಮೂರಲ್ಲಿ ಒಬ್ಬರೇ ಇದ್ದಾರೆ. ದೊಡ್ಡವರಾದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು. ಬರೆಯಲು ಚೆನ್ನಾಗಿ ಬರುತ್ತದೆ. ಕೀಬೋರ್ಡಿನಲ್ಲಿ ಯಾವ ಅಕ್ಷರ ಎಲ್ಲಿದೆ ಅಂತ ಮಾತ್ರ ಸಿಗುವುದಿಲ್ಲ. ಫೋನಿನಲ್ಲಿ ಬೆರಳಿಂದ ಬರೆಯುವ ಸೌಲಭ್ಯ ಹಾಕಿಕೊಟ್ಟೆ. ಕನ್ನಡವೂ ಇದೆ. ಆದರೆ ಅಡಿಕೆ ಸುಲಿದು ಸುಲಿದು ಬೆರಳ ತುದಿ ಒಣಗಿ ಸವೆದಿದೆ. ಗಾಜು ಅವರ ಬೆರಳನ್ನು ಅರ್ಧ ಸಲ ಹಿಡಿಯುವುದೇ ಇಲ್ಲ. ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಬೀಳುವುದಿಲ್ಲ. ಕ್ಯಾಮೆರಾಕ್ಕೆ ಬೆರಳು ಕಂಡರೆ ಸಾಕಲ್ವಾ? ಸವೆದಿದ್ದರೇನು?

ಇದನ್ನೆಲ್ಲ ಆ ಹುಡುಗರಿಗೆ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಬ್ಬ, "ಬರೆಯೋದನ್ನು ಕಲಿಸಬೇಕು ಅಂದ್ರೆ ತುಂಬಾ ಜನರ ಕೈಬರಹ ಬೇಕು ಆಂಟಿ. ನಿಮ್ಮ ಅಮ್ಮನ ಹತ್ರ ಗಾಳೀಲಿ ಬರೆಸಿ ವಿಡಿಯೊ ಮಾಡ್ಕೊಬಹುದಾ?" ಎಂದ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಒತ್ತಕ್ಷರಾನೂ ಬರೀಬೇಕೇನವ್ವಾ?" ಎಂದರು.